ಒಂದೇ ಕಣದ ಮೆಣಸಿನಕಾಯಿ, ಮೂರು ಕಡೆಯ ದಾಸ್ತಾನು

ಕುಂದಗೋಳ ತಾಲ್ಲೂಕಿನ ನಮ್ಮ ನಾಲ್ಕು ಎಕರೆ ಎರೆಹೊಲದಲ್ಲಿ ಬೆಳೆದ ಬ್ಯಾಡಗಿ ಕಡ್ಡಿ ತಳಿಯ ಮೆಣಸಿನಕಾಯಿಯಲ್ಲಿ 36 ಚೀಲಗಳನ್ನು ಸುಗ್ಗಿಯಲ್ಲೇ ಮಾರದೆ ಉಳಿಸಿಕೊಂಡು, ಮಾರ್ಚ್ ತಿಂಗಳಲ್ಲಿ ತಲಾ 12 ಚೀಲದಂತೆ ಮೂರು ಕಡೆ ಇಟ್ಟೆ. ಮೊದಲ ಪಾಲು ನಾವು ವರ್ಷಗಳಿಂದ ವ್ಯವಹರಿಸುವ ದಲಾಲರ ಗೋದಾಮಿಗೆ, ಎರಡನೆಯದು ಬ್ಯಾಡಗಿಯ ಸುತ್ತಮುತ್ತ ಇರುವ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಒಂದಕ್ಕೆ, ಮೂರನೆಯದು ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾದ ಒಂದು ಉಗ್ರಾಣಕ್ಕೆ ಹೋಯಿತು. ಒಂದೇ ಕಣದಲ್ಲಿ ಒಣಗಿದ, ಬಣ್ಣಗೆಟ್ಟ ಬಿಳಿಗಾಯಿ ಆರಿಸಿ ತೆಗೆದ, ಒಂದೇ ದಿನ ತುಂಬಿದ ಮಾಲಾದ್ದರಿಂದ, ಏಳು ತಿಂಗಳ ನಂತರ ಕಂಡ ವ್ಯತ್ಯಾಸವು ಇಟ್ಟ ಜಾಗದಿಂದ ಮತ್ತು ಅಲ್ಲಿ ಪಡೆದ ಸೇವೆಗಳಿಂದಲೇ ಬಂದದ್ದೆಂದು ನಂಬುತ್ತೇನೆ. ಆ ಅವಧಿಯಲ್ಲಿ ದರ ಏರಿತೋ ಇಳಿಯಿತೋ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಮೂರೂ ರಾಶಿಗಳು ಒಂದೇ ದಿನ, ಖರೀದಿದಾರರು ದರ ನಮೂದಿಸುವ ಟೆಂಡರಿನಲ್ಲಿ ಅಕ್ಕಪಕ್ಕ ನಿಂತಾಗ ಏನಾಯಿತು ಎಂಬುದಷ್ಟೇ ನನ್ನ ಹೋಲಿಕೆ.

2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಮಸಾಲೆ ಕಂಪನಿಗಳವರೂ ಓಲಿಯೋರೆಸಿನ್ (ಕಾಯಿಯ ಬಣ್ಣ, ಸತ್ವದ ಸಾರ) ತೆಗೆಯುವವರೂ ಬಣ್ಣದ ಗಾಢತೆ ತೋರಿಸುವ ಅಸ್ಟಾ ಅಂಕ ನೋಡಿಯೇ ದರ ಕಟ್ಟುತ್ತಾರೆ. ಆ ಕೆಂಪು ವರ್ಣದ್ರವ್ಯವು ಬಿಸಿಲು, ಶಾಖ, ಗಾಳಿ ತಾಗಿದಷ್ಟೂ ಕರಗುತ್ತ ಹೋಗುವುದರಿಂದ, ಇಲ್ಲಿ ದಾಸ್ತಾನು ಮಾಡುವುದೆಂದರೆ ಬಣ್ಣವನ್ನು ಕಾಯುವುದು.

ದಲಾಲರ ಗೋದಾಮಿನಲ್ಲಿ ಬಾಡಿಗೆಯೆಂದು ಬೇರೆ ಕೇಳಲಿಲ್ಲ. ತೂಕ, ಹಮಾಲಿ, ಹರಿದ ಚೀಲ ಬದಲಿಸುವುದು ಎಲ್ಲವೂ ಕಡೆಯ ಪಟ್ಟಿಯಲ್ಲಿ ಸೇರಿದವು. ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿದರೂ ಮಾತನಾಡುವ, ಮನೆಯ ಕಷ್ಟಕ್ಕೆ ಮುಂಗಡ ಕೊಡುವ ಆ ವಿಶ್ವಾಸವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ತಗಡಿನ ಚಾವಣಿಯ ಕೆಳಗೆ ಏಪ್ರಿಲ್, ಮೇ ತಿಂಗಳ ಕಾವು ಉಂಡ ಕಾಯಿ ಜೂನ್ ಮಳೆಯ ತೇವವನ್ನೂ ಹೀರಿಕೊಂಡು, ಅಕ್ಟೋಬರ್‌ನಲ್ಲಿ ಚೀಲ ಬಿಚ್ಚಿದಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎರಡು ಚೀಲಗಳ ತಳದಲ್ಲಿ ಬೂಷ್ಟು ಹಿಡಿದಿತ್ತು. ಮುಂಗಡ ಪಡೆದರೆ ಮಾಲು ಅದೇ ಅಂಗಡಿಯಲ್ಲಿ ಹರಾಜಾಗಬೇಕೆಂಬ ಕಟ್ಟುಪಾಡು ಬೇರೆ.

ಕೋಲ್ಡ್ ಸ್ಟೋರೇಜ್‌ನಲ್ಲಿ ಚೀಲಕ್ಕಿಷ್ಟು ಎಂದು ಹಂಗಾಮಿನ ಬಾಡಿಗೆ, ಒಳಗೆ ಇಡುವ ಮತ್ತು ಹೊರಗೆ ತೆಗೆಯುವ ಹಮಾಲಿ ಪ್ರತ್ಯೇಕ. ಅಲ್ಲಿ ಹೆಚ್ಚುವರಿಯಾಗಿ ದೊರೆತ ಸೇವೆ ತೊಟ್ಟು ಬಿಡಿಸುವುದು ಮತ್ತು ದರ್ಜೆ ವಿಂಗಡಣೆ. ಬ್ಯಾಡಗಿಯ ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಕೆಲಸವನ್ನು ಯಂತ್ರ ಇನ್ನೂ ಅಷ್ಟು ಚೊಕ್ಕವಾಗಿ ಮಾಡಿದ್ದನ್ನು ನಾನು ಕಂಡಿಲ್ಲ. ಸುಕ್ಕುಸುಕ್ಕಾದ ಕಡ್ಡಿ ಕಾಯಿ ಯಂತ್ರದಲ್ಲಿ ಮುರಿದು ಬೀಜ ಉದುರಿಸುತ್ತದೆ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ತೊಟ್ಟಿಲ್ಲದ ಕಾಯಿಗೆ ದರ ಹೆಚ್ಚೆಂದು ಆರು ಚೀಲಗಳನ್ನು ತೊಟ್ಟು ಬಿಡಿಸಿಯೇ ಒಳಗಿಟ್ಟೆ, ಉಳಿದ ಆರನ್ನು ತೊಟ್ಟಿನೊಂದಿಗೆ ಇಟ್ಟೆ. ತೊಟ್ಟು ಕಿತ್ತ ಜಾಗದಲ್ಲಿ ಕಾಯಿಯ ಬಾಯಿ ತೆರೆದು ಒಳಗೆ ಗಾಳಿಯಾಡುತ್ತದೆ. ಏಳು ತಿಂಗಳ ಮೇಲೆ ಎರಡನ್ನೂ ಬಿಳಿ ಬಟ್ಟೆಯ ಮೇಲೆ ಸುರುವಿದಾಗ, ತೊಟ್ಟಿದ್ದ ಕಾಯಿ ಕಣದಲ್ಲಿ ಇದ್ದ ಹೊಳಪನ್ನೇ ಹೆಚ್ಚುಕಡಿಮೆ ಉಳಿಸಿಕೊಂಡಿತ್ತು, ಇನ್ನೊಂದು ಮಂಕಾಗಿತ್ತು, ಮುರುಕು ಕಾಯಿಯೂ ಅದರಲ್ಲೇ ಹೆಚ್ಚು. ಅದೇ ಕೂಲಿಯನ್ನು ಮಾರುವ ವಾರದಲ್ಲಿ ಕೊಟ್ಟಿದ್ದರೆ ಹಣಕ್ಕೆ ಪೂರ್ತಿ ಬೆಲೆ ಸಿಗುತ್ತಿತ್ತು.

ಇನ್ನೊಂದು ಸಂಗತಿಯನ್ನು ಅಲ್ಲಿನ ಯಾರೂ ಮುಂಚಿತವಾಗಿ ಹೇಳಲಿಲ್ಲ, ಹೇಳಬೇಕಿತ್ತು. ನಾಲ್ಕರಿಂದ ಎಂಟು ಡಿಗ್ರಿಯ ಕೋಣೆಯಿಂದ ಹೊರಬಂದ ಚೀಲವನ್ನು ಕೂಡಲೇ ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣನೆಯ ಕಾಯಿಯ ಮೇಲೆ ಬೆವರಾಗಿ ಕೂರುತ್ತದೆ. ಮೊದಲ ಚೀಲ ಹೀಗೆ ಒದ್ದೆಯಾದ ಮೇಲೆ, ಉಳಿದವನ್ನು ನೆರಳಿನಲ್ಲಿ ಮರದ ಹಲಗೆಯ ಮೇಲೆ ಒಂದು ದಿನ ಬಾಯಿ ಬಿಚ್ಚದೆ ಇಟ್ಟು ನಂತರ ತೆರೆದೆ, ಒಂದಕ್ಕೂ ತೊಂದರೆಯಾಗಲಿಲ್ಲ.

ನೋಂದಾಯಿತ ಉಗ್ರಾಣದಲ್ಲಿ ತಂಪಿನ ವ್ಯವಸ್ಥೆ ಇರಲಿಲ್ಲ, ಆದರೆ ಒಳಗೆ ಸೇರಿಸುವ ಮುನ್ನ ಮಾದರಿ ತೆಗೆದು ತೇವಾಂಶ ಅಳೆದರು. ಕೊಂಚ ಹೆಚ್ಚಿದ್ದ ಒಂದು ಚೀಲವನ್ನು ಮರಳಿಸಿದರು, ಎರಡು ದಿನ ಒಣಗಿಸಿ ತಂದೆ. ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರ ಅಟ್ಟಿ ಕಟ್ಟಿದರು. ಕಾಯಿ ಕೊರೆಯುವ ಜೀರುಂಡೆಗೆ ಹೊದಿಕೆ ಮುಚ್ಚಿ ಧೂಮೀಕರಣ (ಹುಳ ಕೊಲ್ಲುವ ಅನಿಲದ ಉಪಚಾರ) ಮಾಡಿದರು. ಬೂಷ್ಟು ಸುಳಿಯಲಿಲ್ಲ, ಹುಳವೂ ಬರಲಿಲ್ಲ, ಆದರೂ ಬಣ್ಣ ದಲಾಲರ ಗೋದಾಮಿನ ಮಾಲಿಗಿಂತ ಸ್ವಲ್ಪ ಮೇಲು ಎನ್ನುವಷ್ಟರಲ್ಲೇ ನಿಂತಿತು.

ಅಲ್ಲಿ ನಿಜವಾಗಿ ಉಪಕಾರಕ್ಕೆ ಬಂದದ್ದು ರಸೀದಿ. 2007ರ ಉಗ್ರಾಣ ಕಾಯ್ದೆಯ ಅಡಿಯಲ್ಲಿ ಕೊಡುವ ಈ ರಸೀದಿ ಈಗ ಎನ್‌ಇಆರ್‌ಎಲ್ ಅಥವಾ ಸಿಸಿಆರ್‌ಎಲ್ ಎಂಬ ದಾಖಲೆ ಸಂಸ್ಥೆಯ ಖಾತೆಯಲ್ಲಿ ಎಲೆಕ್ಟ್ರಾನಿಕ್ ರೂಪದಲ್ಲಿ ದಾಖಲಾಗುತ್ತದೆ, ಅದನ್ನೇ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಸುಗ್ಗಿಯ ನಂತರ ಆರು ತಿಂಗಳವರೆಗೆ ಬೆಳೆಸಾಲದ ರಿಯಾಯಿತಿ ಬಡ್ಡಿಯೇ ಇದಕ್ಕೂ ಅನ್ವಯಿಸುತ್ತದೆ. ಜೂನ್ ಬಿತ್ತನೆಗೆ ಬೀಜ, ಗೊಬ್ಬರ ತಂದದ್ದು ಈ ಹಣದಿಂದ; ದಲಾಲರಲ್ಲಿ ಮುಂಗಡ ಕೇಳುವ ಪ್ರಸಂಗ ಬರಲಿಲ್ಲ, ಮಾಲನ್ನು ಯಾರಿಗೆ ಮಾರಬೇಕೆಂಬ ನಿರ್ಧಾರ ನನ್ನದೇ ಆಗಿ ಉಳಿಯಿತು. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಬೆಂಕಿಯಾದ ದಿನವನ್ನು ನೆನೆದರೆ, ಅಂದು ಮಾಲು ವಾಪಸ್ ಒಯ್ಯಲೂ ಇಡಲೂ ದಾರಿಯಿಲ್ಲದವರ ಸಂಕಟ ನನಗೆ ಅರ್ಥವಾಗುತ್ತದೆ.

ಟೆಂಡರಿನ ದಿನ ಎಲ್ಲಕ್ಕಿಂತ ಹೆಚ್ಚಿನ ದರ ಬಂದದ್ದು ತೊಟ್ಟಿನೊಂದಿಗೆ ತಂಪಿನಲ್ಲಿದ್ದು, ಹೊರಬಂದ ಮೇಲೆ ತೊಟ್ಟು ಬಿಡಿಸಿದ ರಾಶಿಗೆ. ಬಾಡಿಗೆ, ಹಮಾಲಿ, ಕೂಲಿ ಮತ್ತು ಕ್ವಿಂಟಲಿಗೆ ಐದಾರು ಕೆಜಿಯ ತೊಟ್ಟಿನ ತೂಕ ಕಳೆದ ಮೇಲೂ ಅದೇ ಮುಂದಿತ್ತು. ಉಗ್ರಾಣದ ರಾಶಿ ನಡುವೆ ನಿಂತಿತು, ದಲಾಲರ ಗೋದಾಮಿನದು ಕೊನೆಗೆ. ಬಿತ್ತನೆಯ ಹೊತ್ತಿಗೆ ಕೈಯಲ್ಲಿ ಹಣ ಬೇಕೇಬೇಕಾದವರಿಗೆ ನಾನು ಉಗ್ರಾಣವನ್ನೇ ಮೊದಲು ಹೇಳುತ್ತೇನೆ, ನಾಲ್ಕೈದು ತಿಂಗಳು ಕಾಯಬಲ್ಲವರಿಗೆ ಕೋಲ್ಡ್ ಸ್ಟೋರೇಜನ್ನು. ಪ್ರಾಧಿಕಾರವು ಕೋಲ್ಡ್ ಸ್ಟೋರೇಜ್‌ಗಳನ್ನೂ ನೋಂದಾಯಿಸುವುದರಿಂದ, ತಂಪೂ ರಸೀದಿಯೂ ಒಂದೇ ಕಡೆ ಸಿಗುವ ಜಾಗ ನಮ್ಮ ಸುತ್ತಿನಲ್ಲಿ ಯಾವುದಿದೆ ಎಂದು ಈಗ ವಿಚಾರಿಸುತ್ತಿದ್ದೇನೆ. ಸಿಕ್ಕರೆ ಬರುವ ಮಾರ್ಚ್‌ನಲ್ಲಿ 36 ಚೀಲಗಳನ್ನೂ ತೊಟ್ಟಿನೊಂದಿಗೇ ಅಲ್ಲಿಗೆ ಒಯ್ಯುತ್ತೇನೆ.