ಮೊದಲ ಕಾರ್ಡ್: ಡೆಬಿಟ್ಟೋ, ಕ್ರೆಡಿಟ್ಟೋ?

ಕಾಲೇಜಿಗೆ ಈಗಷ್ಟೇ ಸೇರಿದ್ದರೆ ಡೆಬಿಟ್ ಕಾರ್ಡ್ ಸಾಕು. ಖಾತೆಯಲ್ಲಿ ಇದ್ದಷ್ಟೇ ಖರ್ಚು, ಸಾಲದ ಮಾತೇ ಇಲ್ಲ. ಆದರೆ ಕಾರ್ಡ್ ಕಳ್ಳರ ಕೈಗೆ ಸಿಕ್ಕರೆ ಹೋಗುವುದು ನಿಮ್ಮದೇ ದುಡ್ಡು. ಹಾಗಾಗಿ ಉಳಿತಾಯವನ್ನು ಬೇರೆ ಖಾತೆಯಲ್ಲಿಡಿ.

ಕ್ರೆಡಿಟ್ ಕಾರ್ಡ್‌ನಲ್ಲಿ ಖರ್ಚಾಗುವುದು ಬ್ಯಾಂಕಿನ ದುಡ್ಡು. ಗಡುವಿನೊಳಗೆ ಬಿಲ್ ಪೂರ್ತಿ ಕಟ್ಟಿದರೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ಜೊತೆಗೆ ಸಾಲ ತೀರಿಸುವವರು ಎಂಬ ದಾಖಲೆಯೂ ಬೆಳೆಯುತ್ತದೆ. ಮುಂದೆ ದೊಡ್ಡ ಸಾಲ ಬೇಕಾದಾಗ ಅದು ಕೈ ಹಿಡಿಯುತ್ತದೆ.

ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಅಂತ ಒಂದು ಸಾಲು ಇರುತ್ತದೆ. ನನಗೆ ಭಯ ಇರುವುದು ಅದರ ಬಗ್ಗೆಯೇ. ಅಷ್ಟೇ ಕಟ್ಟಿದರೆ ತಡವಾದದ್ದಕ್ಕೆ ಹಾಕುವ ದಂಡ ತಪ್ಪಬಹುದು, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ 3% ಅಂದರೆ ಸಣ್ಣದು ಅನಿಸುತ್ತೆ, ಅಲ್ವಾ? ಚಕ್ರಬಡ್ಡಿ ಸೇರಿದರೆ ವರ್ಷಕ್ಕೆ ಸುಮಾರು 42.6% ಆಗುತ್ತದೆ. ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಹೆಚ್ಚಾಗಿ ಮೊದಲ ದಿನದಿಂದಲೇ ಬಡ್ಡಿ ಶುರು.

ಸಂಬಳ ಪ್ರತಿ ತಿಂಗಳು ಬರುತ್ತಿದ್ದರೆ ಕಡಿಮೆ ಮಿತಿಯ ಕ್ರೆಡಿಟ್ ಕಾರ್ಡ್ ತಗೊಳ್ಳಿ. ಪೂರ್ತಿ ಬಿಲ್ ತಾನಾಗಿಯೇ ಕಟ್ಟಿಹೋಗುವ ವ್ಯವಸ್ಥೆ ಅವತ್ತೇ ಮಾಡಿಸಿ. ಆದರೆ ಎಟಿಎಂನಲ್ಲಿ ನಗದು ತೆಗೆಯಲು ಡೆಬಿಟ್ಟೇ ಬಳಸಿ. ಕ್ರೆಡಿಟ್‌ನಲ್ಲಿ ತೆಗೆದರೆ ಶುಲ್ಕವೂ ಜಾಸ್ತಿ, ಬಡ್ಡಿಗೂ ಸಾಮಾನ್ಯವಾಗಿ ವಿನಾಯಿತಿ ಇರುವುದಿಲ್ಲ.