ಒಂದೇ ಉಸಿರಿಗೆ ಯಾವ ಹಡಗು? ಸೂಜೀಸ್, ಲಿಬರ್ಟಿ ಮತ್ತು ಬನ್ಯುನಿಂಗ್‌ನ ಪುಟ್ಟ ಹಡಗು

ಮುಳುಗಿದ ಹಡಗು ನೋಡೋಕೆ ಗೋವಾ, ಬಾಲಿ ಅಂತ ತಿರುಗುತ್ತೇನೆ ಅಂದರೆ ಕಾರವಾರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಷ್ಟು ದೂರ ಎಂತಕ್ಕೆ ಮಾರಾಯ? ನಮ್ಮಲ್ಲೇ ಒಂದು ಮುಳುಗಿದೆಯಲ್ಲ!" ಮಾತು ಸುಳ್ಳಲ್ಲ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಆಯ್ಸ್ಟರ್ ರಾಕ್ ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು. ಅದರ ಎಣ್ಣೆ ನಮ್ಮ ದಂಡೆಗೂ ಬಂತು, ಗಡಿ ದಾಟಿ ಗೋವಾಕ್ಕೂ ಹೋಯಿತು. ಆ ಕಪ್ಪು ಜಿಡ್ಡನ್ನು ಕಂಡವರಿಗೆ ಇವತ್ತಿಗೂ ಮುಳುಗಿದ ಹಡಗು ಅಂದರೆ ಅದೇ. ಆದರೆ ಬಂದರು, ನೌಕಾನೆಲೆ ಎರಡೂ ಆಸುಪಾಸಿನಲ್ಲೇ ಇರುವ ಜಾಗ ಅದು. ಸುಮ್ನೆ ದೋಣಿ ತಗೊಂಡು ಹೋಗಿ ಇಳಿಯೋಕೆ ಆಗೋದಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ಅದನ್ನು ಸೇರಿಸಿಲ್ಲ.

ನಾನು ಟ್ಯಾಂಕ್ ಇಲ್ಲದೆ ಉಸಿರು ಕಟ್ಟಿ ಇಳಿದು (ಇದಕ್ಕೆ ಫ್ರೀಡೈವಿಂಗ್ ಅನ್ನುತ್ತಾರೆ) ನೋಡಿದ ಮೂರರ ಬಗ್ಗೆ ಮಾತ್ರ ಬರೆಯುತ್ತೇನೆ. ಗೋವಾದ ಗ್ರಾಂದೆ ದ್ವೀಪದ ಬಳಿ ಇರುವ ಸೂಜೀಸ್ ರೆಕ್ (ರೆಕ್ ಅಂದರೆ ಮುಳುಗಿದ ಹಡಗು). ಬಾಲಿಯ ತುಲಾಂಬೆನ್‌ನಲ್ಲಿರುವ ಲಿಬರ್ಟಿ. ಅಲ್ಲಿಂದ ಅಮೆದ್ ದಾಟಿ ಇನ್ನೂ ಮುಂದೆ ಹೋದರೆ ಬನ್ಯುನಿಂಗ್ ಎಂಬ ಊರಿನ ಮುಂದೆ ಬಿದ್ದಿರುವ ಪುಟ್ಟ ಹಡಗು. ಅದಕ್ಕೆ ಎಲ್ಲರೂ ಜಪಾನಿ ಹಡಗು ಅಂತಲೇ ಹೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಈ ಮೂರನೆಯದಕ್ಕೆ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕು.

ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ಇಳಿಯೋ ಸ್ಕೂಬಾದವರಿಗೆ ನೀರಿನಡಿ ಮುಕ್ಕಾಲು ಗಂಟೆ ಸಿಗುತ್ತದೆ. ನನ್ನಂಥವನಿಗೆ ಆರಾಮಾಗಿ ಒಂದೂಕಾಲು ನಿಮಿಷ ಸಿಕ್ಕರೆ ಅದೇ ಜಾಸ್ತಿ. ಸೆಕೆಂಡಿಗೆ ಒಂದು ಮೀಟರ್ ಅಂತ ಹಿಡಿದರೆ 10 ಮೀಟರ್ ಆಳಕ್ಕೆ ಹೋಗಿ ಬರೋಕೆ 20 ಸೆಕೆಂಡ್ ಬೇಕು. ಉಳಿದದ್ದು ನೋಡೋಕೆ. 25 ಮೀಟರ್ ಆದರೆ ಹೋಗಿ ಬರೋದಕ್ಕೇ 50 ಸೆಕೆಂಡ್. ಕೆಳಗೆ ಹೋಗಿ ಕಣ್ಣು ಹಾಯಿಸುವಷ್ಟರಲ್ಲಿ ವಾಪಸ್ ಹೊರಡಬೇಕು. ಹಾಗಾಗಿ ಹಡಗು ಎಷ್ಟು ದೊಡ್ಡದು, ಎಷ್ಟು ಹೆಸರುವಾಸಿ ಅನ್ನೋದು ನಮಗೆ ಮುಖ್ಯ ಅಲ್ಲ. ಎಷ್ಟು ಆಳದಲ್ಲಿದೆ, ನೀರು ಎಷ್ಟು ತಿಳಿ, ದಡದಿಂದ ಎಷ್ಟು ದೂರ, ಸುತ್ತ ಎಷ್ಟು ಜನ ಅನ್ನೋದು ಮುಖ್ಯ.

ಸೂಜೀಸ್ ನಮಗೆ ಹತ್ತಿರ. ಕಾರವಾರದಲ್ಲಿ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದರೆ ಅರ್ಧ ದಾರಿ ಮುಗಿದಂತೆ. ದೋಣಿಗಳು ಬೆಳಿಗ್ಗೆಯೇ ಬಿಡುವುದರಿಂದ ಹಿಂದಿನ ರಾತ್ರಿ ಹೋಗಿ ಉಳಿದುಕೊಂಡರೆ ಚಲೋ. ಆಳದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಬಹಳಷ್ಟು ಭಾಗ 15 ಮೀಟರ್ ಒಳಗೇ ಇದೆ. ಆದರೆ ಸಿನಿಮಾದಲ್ಲಿ ಕಾಣುವಂಥ ಹಡಗು ಕಾಣುತ್ತದೆ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಅದು ಒಡೆದು, ಕುಸಿದು, ಚಪ್ಪಟೆಯಾಗಿ ಹರಡಿಕೊಂಡಿದೆ. ನೆಟ್ಟಗೆ ಗುರುತು ಸಿಗುವುದು ಬಾಯ್ಲರ್ ಒಂದೇ. ಅದರ ಸುತ್ತ ಸುಳಿದಾಡುವ ಮೀನುಗಳಿಗೆ ಮಾತ್ರ ಕೊರತೆ ಇಲ್ಲ.

ತೊಂದರೆ ಇರೋದು ನೀರಿನದ್ದು. ಜುವಾರಿ ನದಿ ಸಮುದ್ರ ಸೇರುವ ಬಾಯಿ ಅಲ್ಲೇ ಹತ್ತಿರ. ಮಣ್ಣು ತೇಲಿ ಬರುತ್ತದೆ. ಒಳ್ಳೆಯ ದಿನ ಐದಾರು ಮೀಟರ್ ಕಾಣುತ್ತದೆ, ಇಲ್ಲದ ದಿನ ಹಸಿರು ಬಿಟ್ಟರೆ ಬೇರೇನೂ ಇಲ್ಲ. ಟ್ಯಾಂಕ್ ಇದ್ದವರು ನಿಧಾನಕ್ಕೆ ತಡಕಾಡಿ ಹುಡುಕಬಹುದು. ನಾವು ಮೇಲಿನಿಂದ ಹಡಗು ಕಾಣದೇ ಇಳಿಯಬೇಕು, ಹುಡುಕೋದರಲ್ಲೇ ಅರ್ಧ ಉಸಿರು ಮುಗಿಯುತ್ತದೆ. ಮೇಲಿರುವ ಜೊತೆಗಾರನಿಗೆ ನಾವು ಕಾಣೋದಿಲ್ಲ ಅನ್ನೋದು ಅದಕ್ಕಿಂತ ದೊಡ್ಡ ವಿಷಯ. ಮೀನುಗಾರರ ಹಳೇ ಬಲೆ, ಗಾಳದ ದಾರ ಕೂಡ ಕಬ್ಬಿಣಕ್ಕೆ ಸಿಕ್ಕಿಕೊಂಡಿರುತ್ತವೆ. ಸಣ್ಣ ಚಾಕು ಇಲ್ಲದೆ ನಾನಂತೂ ಅಲ್ಲಿ ಇಳಿಯೋದಿಲ್ಲ. ದೋಣಿಯವರು ಹಗ್ಗ ಕಟ್ಟಿದ ಬೋಯೆ (ನೀರ ಮೇಲೆ ತೇಲುವ ಬುರುಡೆ) ಬಿಟ್ಟುಕೊಟ್ಟರೆ ಹಗ್ಗ ಹಿಡಿದೇ ಇಳಿಯೋದು, ಹಗ್ಗ ಹಿಡಿದೇ ಹತ್ತೋದು. ಅಷ್ಟಾದರೆ ಅಡ್ಡಿಲ್ಲ.

ಇನ್ನು ಲಿಬರ್ಟಿ. ಇದರ ಕಥೆಯ ಮುಂದೆ ಉಳಿದವು ಲೆಕ್ಕಕ್ಕಿಲ್ಲ. ಅಮೆರಿಕದ ಸೇನೆಯ ಸರಕು ಹಡಗು, ಉದ್ದ 120 ಮೀಟರಿಗಿಂತ ಜಾಸ್ತಿ. 1942ರ ಜನವರಿ 11ರಂದು ಲೊಂಬೋಕ್ ಜಲಸಂಧಿಯ ಹತ್ತಿರ ಜಪಾನಿನ ಜಲಾಂತರ್ಗಾಮಿ ಇದಕ್ಕೆ ಟಾರ್ಪಿಡೊ ಹೊಡೆಯಿತು. ಬಾಲಿಯ ಉತ್ತರದ ಸಿಂಗರಾಜದ ಕಡೆಗೆ ಎಳೆದೊಯ್ಯುವಾಗ ನೀರು ತುಂಬುತ್ತಾ ಹೋಯಿತು. ಬೇರೆ ದಾರಿ ಕಾಣದೆ ತುಲಾಂಬೆನ್ ದಂಡೆಗೆ ತಂದು ಹತ್ತಿಸಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ದಂಡೆಯ ಮೇಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ಈಗ ಮಗ್ಗುಲಾಗಿ ಮಲಗಿದೆ. ಮೇಲಿನ ಭಾಗ 10 ಮೀಟರ್ ಒಳಗೆ, ಕೆಳಗಿನದು 30ರ ಹತ್ತಿರ.

ದೋಣಿ ಬೇಡ. ದಡದಿಂದಲೇ ಈಜಿಕೊಂಡು ಹೋಗಬಹುದು. ಆದರೆ ದಡ ಮರಳಿನದ್ದಲ್ಲ, ಜ್ವಾಲಾಮುಖಿಯ ಕಪ್ಪು ಉರುಟು ಕಲ್ಲುಗಳದ್ದು. ಅಲೆ ಹಿಂದೆ ಸರಿದಾಗ ಕಲ್ಲುಗಳೂ ಗರಗರ ಅಂತ ಉರುಳುತ್ತವೆ. ಕೈಯಲ್ಲಿ ಮೊಳದುದ್ದದ ಫಿನ್ (ಈಜೋಕೆ ಕಾಲಿಗೆ ಹಾಕುವ ರೆಕ್ಕೆ) ಹಿಡಿದು ಅದರ ಮೇಲೆ ಹೆಜ್ಜೆ ಹಾಕೋದು ಒಂದು ಸರ್ಕಸ್. ಅದೇ ಕಲ್ಲಿನ ಮೇಲೆ ಊರಿನ ಹೆಂಗಸರು ತಲೆ ಮೇಲೆ ಟ್ಯಾಂಕ್ ಹೊತ್ತು ಚಪ್ಪಲಿಯಲ್ಲೇ ಸರಸರ ನಡೆದು ಹೋಗುತ್ತಾರೆ!

ನೋಡೋಕೆ ಲಿಬರ್ಟಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ! ಬೆಳಿಗ್ಗೆ ಎಂಟು ದಾಟಿತು ಅಂದರೆ ಗುಂಪು ಗುಂಪಾಗಿ ಟ್ಯಾಂಕಿನವರು ಬರುತ್ತಾರೆ. ನಾವು ಇಳಿಯಬೇಕಾದ ಜಾಗದಲ್ಲೇ ಕೆಳಗಿನಿಂದ ಅವರ ಗುಳ್ಳೆಗಳು ಏಳುತ್ತಿರುತ್ತವೆ. ಒಬ್ಬರು ದಾಟಲಿ ಅಂತ ಕಾಯುತ್ತಾ ಮೇಲೆ ತೇಲುವಾಗ ಮನಸ್ಸು ಶಾಂತ ಇರೋದಿಲ್ಲ, ಎದೆ ಬಡಿತ ಇಳಿಯೋದಿಲ್ಲ. ಶಾಂತವಾಗದೆ ಇಳಿದರೆ ಒಂದೂಕಾಲು ನಿಮಿಷ ಇದ್ದದ್ದು ಮುಕ್ಕಾಲು ನಿಮಿಷಕ್ಕೆ ಬರುತ್ತದೆ. ಮೇಲಾಗಿ ಚೆಂದದ ಭಾಗ ಬಹಳಷ್ಟು 15 ಮೀಟರಿನ ಕೆಳಗೇ ಇದೆ. ಇದನ್ನು ನೋಡಲೇಬೇಕು ಅಂದರೆ ಸೂರ್ಯ ಹುಟ್ಟುವ ಹೊತ್ತಿಗೆ ನೀರಲ್ಲಿರಬೇಕು. ಆ ಹೊತ್ತಿನಲ್ಲಿ ಹಣೆ ಉಬ್ಬಿದ ದೊಡ್ಡ ಗಿಳಿಮೀನುಗಳ ಹಿಂಡೂ ಅಲ್ಲೇ ಇರುತ್ತದೆ. ಎಂಟರ ನಂತರ ಟ್ಯಾಂಕ್ ಕಟ್ಟಿಕೊಳ್ಳೋದೇ ವಾಸಿ.

ಬನ್ಯುನಿಂಗ್ ಕಡೆ ಹೋಗುವ ರಸ್ತೆ ಗುಡ್ಡ ಹತ್ತಿ ಇಳಿದು, ಕೊಲ್ಲಿ ಸುತ್ತಿ ಸಾಗುತ್ತದೆ. ದಾರಿಯಲ್ಲಿ ಸಿಗುವ ಅಮೆದ್ ಮೊದಲಿನಿಂದ ಉಪ್ಪಿನ ಊರು. ನಮ್ಮ ಸಾಣಿಕಟ್ಟಾದಲ್ಲಿ ಗದ್ದೆಯಲ್ಲಿ ಉಪ್ಪು ಬೆಳೆದರೆ, ಅಲ್ಲಿ ತೆಂಗಿನ ಮರವನ್ನು ಉದ್ದಕ್ಕೆ ಸೀಳಿ, ಒಳಗೆ ಕೊರೆದು, ಆ ತೊಟ್ಟಿಯಲ್ಲಿ ನೀರು ಒಣಗಿಸುತ್ತಾರೆ. ಜೊತೆಗೆ ಬಂದಿದ್ದ ಶಿರಸಿಯ ಗೆಳೆಯ ನೀರಿಗೆ ಇಳಿಯುವವನಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಹಿಡಿದು ಬಂದ ಅವನಿಗೆ ಈ ಉಪ್ಪು ಕಂಡಿದ್ದೇ ಇಡೀ ಪ್ರವಾಸ ಸಾರ್ಥಕ ಆಯಿತು. ಸಸ್ಯಾಹಾರಿಗಳಿಗೆ ಅಲ್ಲಿ ಊಟದ ಚಿಂತೆಯಿಲ್ಲ, ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆ ಎಲ್ಲ ಕಡೆ ಸಿಗುತ್ತದೆ.

ಜಪಾನಿ ಹಡಗು ದಡದಿಂದ ಕೂಗಳತೆ ದೂರ. ಚಿಕ್ಕದು, ಉದ್ದ ಸುಮಾರು 20 ಮೀಟರ್. ಲಿಬರ್ಟಿಗಿರುವಂಥ ಚರಿತ್ರೆ ಇದಕ್ಕಿಲ್ಲ. ಜಪಾನಿನದ್ದು ಅನ್ನೋದೂ ಜನರ ಬಾಯಿಮಾತು. ದಡದ ಕಡೆಯ ತುದಿ 6 ಮೀಟರ್ ಆಳದಲ್ಲಿದೆ, ಆಚೆ ತುದಿ 12ರ ಸುಮಾರಿಗೆ. ನೀರು ತಿಳಿಯಾಗಿದ್ದ ದಿನ ಮೇಲೆ ತೇಲುತ್ತಲೇ ಇಡೀ ಹಡಗು ಕಾಣುತ್ತದೆ.

ಇಲ್ಲಿ ಇಳಿಯುವ ರೀತಿಯೇ ಇದರ ಸುಖ. ಮೊದಲು ಆಳದ ತುದಿಯ ಮೇಲೆ ಹೋಗಿ ತೇಲಬೇಕು. ಅಲ್ಲಿಂದ ನೇರ ಕೆಳಗೆ. 10 ಮೀಟರಿನಲ್ಲಿ ಒತ್ತಡ ಮೇಲಿನದ್ದರ ಎರಡು ಪಟ್ಟು, ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ಅಷ್ಟು ಹೊತ್ತಿಗೆ ಮೈ ತೇಲೋದನ್ನು ನಿಲ್ಲಿಸಿರುತ್ತದೆ. ಕಾಲು ಆಡಿಸದೆ ಹಡಗಿನ ಪಕ್ಕ ನಿಲ್ಲಬಹುದು. ಆಮೇಲೆ ಅದರ ಬದಿ ಹಿಡಿದು ದಡದ ಕಡೆ ಸಾಗಿದರೆ ಆಳ ತಾನೇ ಕಡಿಮೆಯಾಗುತ್ತಾ ಬರುತ್ತದೆ. ಗಾಳಿ ಹಿಗ್ಗುತ್ತದೆ, ಮೈ ತಾನಾಗಿ ಮೇಲೇಳುತ್ತದೆ. ಹಡಗಿನ ತುದಿಯಿಂದ ತುದಿಗೆ ಒಂದೇ ಉಸಿರಿನಲ್ಲಿ ಹೋಗಿ, ಕೊನೆಗೆ ಸುಮ್ನೆ ಮೇಲೆ ತೇಲಿದರೆ ಆಯಿತು. ಲಿಬರ್ಟಿಯಲ್ಲಿ ಇದು ನನ್ನ ಕೈಲಾಗದ ಮಾತು. ಸೂಜೀಸ್‌ನಲ್ಲಿ ಮಾಡಬಹುದು, ಆದರೆ ಕಾಣಬೇಕಲ್ಲ!

ಇಡೀ ಹಡಗಿನ ಮೇಲೆ ಮೆದು ಹವಳ, ಸ್ಪಂಜು, ಜಾಲರಿ ಹವಳ ಬೆಳೆದಿವೆ. ಒಂದು ಜಾಲರಿಯ ಮುಂದೆ ಗೈಡ್ ಬೆರಳು ತೋರಿಸಿದ. ನನಗೆ ಕಂಡದ್ದು ಗುಲಾಬಿ ಬಣ್ಣದ ಕಡ್ಡಿ, ಅದರ ಮೇಲೆ ಗುಲಾಬಿ ಗಂಟುಗಳು ಅಷ್ಟೇ. ಮೇಲೆ ಬಂದು ಉಸಿರಾಡಿ ಮತ್ತೆ ಇಳಿದೆ. ಆಗ ಒಂದು ಗಂಟು ಮೆಲ್ಲಗೆ ಕತ್ತು ತಿರುಗಿಸಿತು. ಕುಬ್ಜ ಕಡಲ್ಗುದುರೆ. ಕಿರುಬೆರಳ ಉಗುರಿನಷ್ಟೂ ದಪ್ಪ ಇಲ್ಲ, ಮೈಮೇಲಿನ ಗುಳ್ಳೆ ಕೂಡ ಹವಳದ ಗುಳ್ಳೆಯ ಹಾಗೇ. ಟ್ಯಾಂಕ್ ಇದ್ದಿದ್ದರೆ ಇನ್ನೂ ಹತ್ತು ನಿಮಿಷ ಅಲ್ಲೇ ಇರಬಹುದಿತ್ತು, ಒಪ್ಪುತ್ತೇನೆ. ಇಂಥ ಸಣ್ಣ ಜೀವ ನೋಡುವ ಹುಚ್ಚಿನವರಿಗೆ ಸ್ಕೂಬಾನೇ ಸರಿ.

ಕೊರತೆ ಇಲ್ಲವೇ? ಇದೆ. ಗಾಳಿ ಎದ್ದರೆ ಅಲ್ಲಿ ಸೆಳೆತ ಜೋರಾಗುತ್ತದೆ, ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ಸ್ನಾರ್ಕೆಲ್ ಹಾಕಿದ ಪ್ರವಾಸಿಗಳು ಮೇಲೆ ಓಡಾಡುತ್ತಾರೆ, ಕೆಲವರು ಹವಳದ ಮೇಲೆ ಕಾಲಿಡುತ್ತಾರೆ. ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಹಡಗಿನ ಒಳಗೆ ನುಗ್ಗುವ ಆಸೆ ಇದ್ದವರಿಗೆ ಅಂಥ ದೊಡ್ಡ ಜಾಗವೂ ಇಲ್ಲ. ಅದು ಒಳ್ಳೆಯದೇ. ಒಂದೇ ಉಸಿರಿನಲ್ಲಿ ಇದ್ದವರು ತಲೆ ಮೇಲೆ ಸೂರು ಇರುವ ಕಡೆ ಹೋಗಲೇಬಾರದು, ಮೂರರಲ್ಲಿ ಯಾವ ಹಡಗಾದರೂ ಸರಿ.

ಖರ್ಚಿನ ಮಾತು ಬಂದರೆ ಸೂಜೀಸ್‌ಗೆ ಸಾಟಿ ಇಲ್ಲ. ರೈಲು ಟಿಕೆಟ್, ಒಂದು ರಾತ್ರಿ, ಒಂದು ದೋಣಿ, ಅಷ್ಟೇ. ಬಾಲಿಗೆ ವಿಮಾನ, ವೀಸಾ, ಆಮೇಲೆ ಏರ್‌ಪೋರ್ಟಿನಿಂದ ಅಮೆದ್‌ವರೆಗೆ ಮೂರು ಗಂಟೆ ರಸ್ತೆ. ಆದರೆ ಅಮೆದ್ ಮುಟ್ಟಿದ ಮೇಲೆ ಲೆಕ್ಕ ತಿರುಗುತ್ತದೆ. ಎರಡೂ ಹಡಗಿಗೆ ದೋಣಿ ಬಾಡಿಗೆ ಇಲ್ಲ. ಬಾಡಿಗೆ ಸ್ಕೂಟರ್ ಇದ್ದರೆ ಸಾಕು. ಫ್ರೀಡೈವಿಂಗ್ ಕಲಿಸುವ ಶಾಲೆಗಳೂ ಅಲ್ಲಿ ಸಾಲಾಗಿವೆ, ಜೆಮೆಲುಕ್ ಕೊಲ್ಲಿಯಲ್ಲಿ ಬೋಯೆ ಕಟ್ಟಿ ಹಗ್ಗ ಇಳಿಬಿಟ್ಟಿರುತ್ತಾರೆ. ಇನ್ನೂ ಕಲಿಯದವರು ಮೊದಲು ಅಲ್ಲಿ ಎರಡು ಮೂರು ದಿನದ ಕೋರ್ಸ್ ಮುಗಿಸಿ, ಆಮೇಲೆ ಬನ್ಯುನಿಂಗ್‌ಗೆ ಹೋಗಲಿ. ಮೊದಲ ಹಂತದಲ್ಲೇ 12ರಿಂದ 20 ಮೀಟರ್‌ವರೆಗೆ ಕಲಿಸುತ್ತಾರೆ. ಜಪಾನಿ ಹಡಗಿಗೆ ಅಷ್ಟು ಸಾಕು.

ಊರಲ್ಲೇ ಅಭ್ಯಾಸ ಬೇಕು ಅಂದರೆ ನೇತ್ರಾಣಿ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಹಡಗಿಲ್ಲ, ಬಂಡೆ ಮತ್ತು ಹವಳ. ಆದರೆ ನೀರು ಸೂಜೀಸ್‌ಗಿಂತ ಎಷ್ಟೋ ತಿಳಿ. ಅಲ್ಲಿ ಎಲ್ಲರೂ ಸ್ಕೂಬಾಕ್ಕೇ ಬರುವವರು. "ಟ್ಯಾಂಕಿ ಇಲ್ದೇ ಹೋಗಿ ಎಂತ ನೋಡ್ತ್ರಿ?" ಅಂತ ದೋಣಿಯವರು ನಕ್ಕರು. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಜೀವಿ) ತೆಗೆಯೋರ ಹತ್ತಿರ ಯಾವ ಟ್ಯಾಂಕಿ ಇದೆ ಅಂತ ಚಿಕ್ಕಮ್ಮನ ಮಗ ಕೇಳಿದ ಮೇಲೆ ಸುಮ್ಮನಾದರು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು. ನೀರಿನಡಿ ಕಬ್ಬಿಣದ ತುಂಡು ಕಂಡರೆ ಮುಟ್ಟೋದು ಬೇಡ. ಸ್ಕೂಬಾ ಮಾಡಿದ ದಿನವೇ ಉಸಿರು ಕಟ್ಟಿ ಇಳಿಯೋದೂ ಬೇಡ, ರಕ್ತದಲ್ಲಿ ಸಾರಜನಕ ಉಳಿದಿರುತ್ತದೆ.

ಎಲ್ಲಿ ಇಳಿದರೂ ನನ್ನ ಮತ್ತು ನನ್ನ ತಮ್ಮನ ಪದ್ಧತಿ ಒಂದೇ. ಒಬ್ಬ ಕೆಳಗೆ, ಒಬ್ಬ ಮೇಲೆ. ಪ್ರಜ್ಞೆ ತಪ್ಪೋದು ಬಹುತೇಕ ಮೇಲೆ ಬರುವ ಕೊನೆಯ ಕೆಲವು ಮೀಟರಿನಲ್ಲಿ, ಇಲ್ಲವೇ ಮೇಲೆ ಬಂದ ಮೇಲೆ. ಅದಕ್ಕೇ ನನ್ನ ತಮ್ಮ ನೀರಿನಿಂದ ತಲೆ ಎತ್ತಿದ ಮೇಲೂ ಅವನ ತುಟಿಯ ಬಣ್ಣ, ಕಣ್ಣು ನೋಡುತ್ತಾ ಅರ್ಧ ನಿಮಿಷ ಎಣಿಸುತ್ತೇನೆ. ಅವನು "ಆಯ್ತು ಅಣ್ಣಾ, ಬಿಡು" ಅಂದರೂ ಎಣಿಕೆ ನಿಲ್ಲಿಸೋದಿಲ್ಲ. ಇಳಿಯುವ ಮೊದಲು ಜೋರಾಗಿ ಉಸಿರೆಳೆದು ಬಿಡೋದನ್ನು ಮಾಡೋದಿಲ್ಲ. ಅದರಿಂದ ಆಮ್ಲಜನಕ ಹೆಚ್ಚೋದಿಲ್ಲ, ಉಸಿರು ಬೇಕು ಅಂತ ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಎಷ್ಟು ಹೊತ್ತು ಕೆಳಗಿದ್ದೆವೋ ಅದರ ಎರಡು ಪಟ್ಟು ಮೇಲೆ ವಿಶ್ರಾಂತಿ.

ಯಾವಾಗ ಹೋಗಬೇಕು ಅನ್ನೋದು ನಮ್ಮ ಕರಾವಳಿಯವರಿಗೆ ಸುಲಭ. ಸೂಜೀಸ್ ಮತ್ತು ನೇತ್ರಾಣಿಗೆ ನವೆಂಬರ್‌ನಿಂದ ಏಪ್ರಿಲ್. ಜೂನ್ ಬಂತು ಅಂದರೆ ಇಲ್ಲಿ ಕಡಲು ಏಳುತ್ತದೆ, ಮೀನುಗಾರರ ಯಾಂತ್ರಿಕ ದೋಣಿಗಳೂ ಜುಲೈ ಕೊನೆಯವರೆಗೆ ದಡದಲ್ಲೇ. ಅದೇ ಹೊತ್ತಿಗೆ ಬಾಲಿಯಲ್ಲಿ ಮಳೆ ಇಲ್ಲದ ಕಾಲ. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ, ನೀರೂ ಸ್ವಲ್ಪ ತಣ್ಣಗಿರುತ್ತದೆ. 3 ಮಿಲಿಮೀಟರ್ ದಪ್ಪದ ಸೂಟ್ ಬೇಕಾಗುತ್ತದೆ. ಫಿನ್ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಮಾಸ್ಕ್ ಮಾತ್ರ ನಿಮ್ಮ ಮುಖಕ್ಕೆ ಹೊಂದುವುದನ್ನು ಇಲ್ಲಿಂದಲೇ ಒಯ್ಯಿರಿ.