ಹೊಸ ಕಾರಿಗೆ ಫ್ರೀ ಮ್ಯಾಟ್ ಸಿಕ್ಕಿದೆಯಾ? ಮೊದಲು ಆಕ್ಸಿಲರೇಟರ್ ಕೆಳಗೆ ನೋಡಿ

ಹೊಸ ಕಾರು ತೆಗೆದುಕೊಂಡವರು, ತೆಗೆದುಕೊಳ್ಳಲು ಹೊರಟವರು ದಯವಿಟ್ಟು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೆ ಇಷ್ಟು ಮಾಡಿ ಸಾಕು. ಈಗಲೇ ಹೋಗಿ ಡ್ರೈವರ್ ಕಾಲಿಡುವ ಜಾಗದ ಮ್ಯಾಟ್ ನೋಡಿ. ಒಂದರ ಮೇಲೊಂದು ಎರಡು ಮ್ಯಾಟ್ ಇದ್ದರೆ ಮೇಲಿನದನ್ನು ತೆಗೆದು ಹಾಕಿ. ಒಂದೇ ಇದ್ದರೆ ಕೈಯಲ್ಲಿ ಹಿಡಿದು ಪೆಡಲ್ ಕಡೆಗೆ ಜೋರಾಗಿ ತಳ್ಳಿ. ಅದು ಜರುಗಿದರೆ ನಿಮ್ಮ ಗಾಡಿಯಲ್ಲಿ ಇರಬೇಕಾದ ಮ್ಯಾಟ್ ಅದಲ್ಲ. ಜರುಗಿದ ಮ್ಯಾಟಿಗೆ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಕಾಲು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ.

ನಮ್ಮದು ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಕಾರು. ಡೆಲಿವರಿ ದಿನ ಎಲ್ಲ ಶೋರೂಮಿನ ಹಾಗೆ ಅಲ್ಲೂ ರಿಬ್ಬನ್, ತೆಂಗಿನಕಾಯಿ, ಟೈರಿನ ಕೆಳಗೆ ನಿಂಬೆಹಣ್ಣು, ರಟ್ಟಿನ ದೊಡ್ಡ ಕೀ ಹಿಡಿದು ಫೋಟೊ. ಆ ಗಲಾಟೆಯಲ್ಲೇ ಒಬ್ಬ ಹುಡುಗ ಬಂದು "ಸಾರ್, ಇದು ನಮ್ಮ ಕಡೆಯಿಂದ ಫ್ರೀ" ಅಂತ ದಪ್ಪ ಮ್ಯಾಟ್ ಹಾಸಿಬಿಟ್ಟ. 7ಡಿ ಮ್ಯಾಟ್ ಅಂತಾರಲ್ಲ, ಅದು. ಅಂಚು ಎತ್ತರಕ್ಕೆ ನಿಂತಿರುತ್ತದೆ. ನೋಡೋಕೆ ಚೆನ್ನಾಗಿರುತ್ತದೆ, ಮಣ್ಣು ಕೆಳಗೆ ಇಳಿಯಲ್ಲ. ಕಂಪನಿಯಿಂದಲೇ ಬಂದ ತೆಳು ಮ್ಯಾಟ್ ಅದರಡಿ ಹಾಗೇ ಇತ್ತು. ಕಂಪನಿ ಮ್ಯಾಟನ್ನು ನೆಲಕ್ಕೆ ಹಿಡಿದಿಡಲು ಕೊಕ್ಕೆಗಳಿರುತ್ತವೆ. ಮೇಲೆ ಹಾಸಿದ ಮ್ಯಾಟಿಗೆ ಆ ಕೊಕ್ಕೆ ಕೂರುವ ತೂತೇ ಇರಲಿಲ್ಲ. ಅಂದರೆ ಅದು ನಮ್ಮ ಮಾಡೆಲ್ಲಿಗೆ ಮಾಡಿದ್ದೇ ಅಲ್ಲ.

ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಪ್ರಮೇಯವೇ ಬರಲ್ಲ ಅಲ್ವಾ? ಗೊತ್ತಾಗಿದ್ದು ಹಾಸನ ರಸ್ತೆಯಲ್ಲಿ.

ಚನ್ನರಾಯಪಟ್ಟಣದ ಹತ್ತಿರ ನೆಂಟರ ಮನೆ ಗೃಹಪ್ರವೇಶ. ನಾನು, ನನ್ನ ಹೆಂಡತಿ, ಅಕ್ಕ, ಭಾವ. ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಕಡೆ ಹೋಗುತ್ತಿದ್ದೆವು. ಎಂಬತ್ತರ ಆಸುಪಾಸಿನಲ್ಲಿದ್ದೆ. ಮುಂದೆ ಒಂದು ಲಾರಿ ಬಲಗಡೆ ಲೇನಿಗೆ ಬರುವ ಹಾಗೆ ಕಾಣಿಸಿತು. ಅದಕ್ಕಿಂತ ಮೊದಲೇ ದಾಟಿಬಿಡೋಣ ಅಂತ ಪೆಡಲನ್ನು ಪೂರ್ತಿ ಒತ್ತಿದೆ. ಗಾಡಿ ಒಂದು ಗೇರ್ ಇಳಿಸಿಕೊಂಡು ಮುಂದೆ ಹಾರಿತು. ಲಾರಿಯನ್ನು ದಾಟಿದ್ದಾಯಿತು. ಕಾಲು ತೆಗೆದೆ. ಗಾಡಿಯ ಓಟ ಮಾತ್ರ ನಿಲ್ಲಲಿಲ್ಲ.

ಎಂಜಿನ್ ಹಾಗೇ ಕಿರುಚುತ್ತಿದೆ, ಮುಳ್ಳು ನೂರು ದಾಟಿತು, ಇನ್ನೂ ಏರುತ್ತಿದೆ. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು. ಹೆಸರಿಗೆ ನಾಲ್ಕು ಲೇನಿನ ಹೆದ್ದಾರಿ, ಆದರೆ ಡಿವೈಡರ್ ಪಕ್ಕದಲ್ಲೇ ರಾಂಗ್ ಸೈಡಿನಲ್ಲಿ ಬೈಕು ಬರುತ್ತದೆ, ಟ್ರಾಕ್ಟರ್ ಬರುತ್ತದೆ, ಎಮ್ಮೆ ದಾಟುತ್ತದೆ. ಬ್ರೇಕ್ ಒತ್ತಿದೆ. ಸ್ವಲ್ಪ ಹಿಡಿಯಿತು. ಬಿಟ್ಟು ಮತ್ತೆ ಒತ್ತಿದೆ. ಈ ಸಲ ಅಷ್ಟು ಹಿಡಿಯಲಿಲ್ಲ. ಮೂರನೇ ಸಲ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಸುಟ್ಟ ವಾಸನೆ ಬರೋಕೆ ಶುರುವಾಯಿತು. ಹಿಂದೆ ಅಕ್ಕ "ನಿಧಾನ ಕಣೋ, ನಿಧಾನ ಕಣೋ" ಅನ್ನುತ್ತಿದ್ದಾಳೆ. ನಾನೇ ಬೇಕಂತ ಓಡಿಸುತ್ತಿದ್ದೇನೆ ಅಂದುಕೊಂಡಿದ್ದಳು.

ಪಕ್ಕದಲ್ಲಿದ್ದ ಭಾವ ಮಿನಿ ಲಾರಿ ಇಟ್ಟುಕೊಂಡು ತೆಂಗಿನಕಾಯಿ ಸಾಗಿಸುವವರು. "ನ್ಯೂಟ್ರಲ್ ಹಾಕೋ, ನ್ಯೂಟ್ರಲ್!" ಅಂತ ಕೂಗಿದರು. ಅಷ್ಟರಲ್ಲಿ ಅವರೇ ಗೇರ್ ಲಿವರನ್ನು ಡಿಯಿಂದ (ಡ್ರೈವ್) ಎನ್‌ಗೆ (ನ್ಯೂಟ್ರಲ್, ಎಂಜಿನ್ ಬಲ ಚಕ್ರಕ್ಕೆ ಹೋಗದ ಸ್ಥಿತಿ) ತಳ್ಳಿದರು. ಎಂಜಿನ್ ಸದ್ದು ಇನ್ನೂ ಜೋರಾಯಿತು, ಬಾನೆಟ್ ಕಿತ್ತುಕೊಂಡು ಬರುತ್ತದೇನೋ ಅನ್ನುವಷ್ಟು. ಆದರೆ ಗಾಡಿಯ ಎಳೆತ ನಿಂತಿತು. ಎರಡು ಕಾಲಲ್ಲೂ ಬ್ರೇಕ್ ಮೇಲೆ ನಿಂತೆ. ಎಡಗಡೆ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಆಮೇಲೆ ಬಟನ್ ಒತ್ತಿ ಆಫ್ ಮಾಡಿದೆ.

ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಆ ದಪ್ಪ ಮ್ಯಾಟ್ ಮುಂದಕ್ಕೆ ಜರುಗಿ, ಅದರ ಎದ್ದ ಅಂಚು ಆಕ್ಸಿಲರೇಟರ್ ಪೆಡಲಿನ ಮೇಲೆ ಕೂತಿತ್ತು. ಪೆಡಲ್ ಪೂರ್ತಿ ಕೆಳಗೆ ಹೋದಾಗ ಅದರ ತುದಿ ಅಂಚಿನಡಿ ಸಿಕ್ಕಿಕೊಂಡಿದೆ. ಕಾಲು ತೆಗೆದರೂ ಪೆಡಲಿಗೆ ಮೇಲೆ ಬರಲು ದಾರಿ ಇಲ್ಲ. ನನ್ನ ಹೆಂಡತಿ ಒಂದು ಒಳ್ಳೆ ಕೆಲಸ ಮಾಡಿದಳು. ನಾನು ಮ್ಯಾಟ್ ಕೀಳೋಕೆ ಕೈ ಹಾಕಿದಾಗ ತಡೆದು, ಇದ್ದ ಹಾಗೇ ಫೋಟೊ, ವಿಡಿಯೊ ತೆಗೆದಳು. ಆ ಫೋಟೊ ಇಲ್ಲದಿದ್ದರೆ ಮುಂದಿನ ಕಥೆಯಲ್ಲಿ ನನ್ನ ಮಾತು ನಡೆಯುತ್ತಲೇ ಇರಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಗಾಡಿಗೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಯಂತ್ರ) ಹಾಕಿದರು. "ಎರರ್ ಕೋಡ್ ಒಂದೂ ಇಲ್ಲ ಸಾರ್, ಗಾಡಿ ಪರ್ಫೆಕ್ಟ್" ಅಂದರು. ಆಮೇಲೆ ಸ್ವಲ್ಪ ಮೆಲ್ಲಗೆ, "ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿರ್ತೀರಾ ಸಾರ್, ಆಟೋಮ್ಯಾಟಿಕ್ ಹೊಸದು ನೋಡಿ, ಎಲ್ಲರಿಗೂ ಆಗುತ್ತೆ" ಅಂದರು. ಇನ್ನೊಬ್ಬರು ಬಂದು ಕ್ರೂಸ್ ಕಂಟ್ರೋಲ್ (ಪೆಡಲ್ ಒತ್ತದೆಯೇ ಇಟ್ಟ ವೇಗದಲ್ಲಿ ಗಾಡಿ ಓಡಿಸುವ ವ್ಯವಸ್ಥೆ) ಆನ್ ಆಗಿತ್ತೇನೋ ಅಂದರು. ಬ್ರೇಕ್ ಮುಟ್ಟಿದರೆ ಸಾಕು, ಕ್ರೂಸ್ ಕಟ್ ಆಗುತ್ತದೆ. ಅಷ್ಟು ಗೊತ್ತಿಲ್ಲದವರು ಆ ಕುರ್ಚಿಯಲ್ಲಿ ಯಾಕೆ ಕೂತಿದ್ದಾರೋ.

ಸ್ಕ್ಯಾನರ್ ಮಾತು ನಂಬಿ ಸುಮ್ಮನಾಗಬೇಡಿ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಕೆಳಗಿದೆ ಅಂತ ಸೆನ್ಸರ್ ಹೇಳುತ್ತದೆ, ಕಂಪ್ಯೂಟರ್ ಅಷ್ಟು ಗಾಳಿ, ಅಷ್ಟು ಪೆಟ್ರೋಲ್ ಬಿಡುತ್ತದೆ. ಪೆಡಲನ್ನು ಕಾಲು ಒತ್ತಿದೆಯೋ ಮ್ಯಾಟ್ ಒತ್ತಿದೆಯೋ ಅದಕ್ಕೇನು ಗೊತ್ತು? ಅದರ ಲೆಕ್ಕದಲ್ಲಿ ಎಲ್ಲ ಸರಿಯಾಗೇ ನಡೆದಿದೆ. ಹಾಗಾಗಿ ಕೋಡ್ ಬರಲ್ಲ. ಕೋಡ್ ಇಲ್ಲ ಅನ್ನುವುದು ತಪ್ಪು ನಿಮ್ಮದು ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಇದು ನಮಗೊಬ್ಬರಿಗೇ ಆದ ವಿಚಿತ್ರವೂ ಅಲ್ಲ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಟೊಯೋಟಾ ಕಂಪನಿಯದೇ ಒಂದು ಲೆಕ್ಸಸ್ ಕಾರು ಗಂಟೆಗೆ 160 ಕಿ.ಮೀ.ಗಿಂತ ವೇಗವಾಗಿ ಓಡಿ ಅಪಘಾತವಾಯಿತು. ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಓಡಿಸುತ್ತಿದ್ದವರು ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್‌ನ (ಹೆದ್ದಾರಿ ಪೊಲೀಸ್) ಅಧಿಕಾರಿ. ಗಾಡಿ ಓಡಿಸುವುದರಲ್ಲಿ ತರಬೇತಿ ಇದ್ದವರು. ಅವರ ಕಾರು ಸರ್ವಿಸಿಗೆ ಹೋಗಿದ್ದರಿಂದ ಡೀಲರ್ ಕೊಟ್ಟಿದ್ದ ಬದಲಿ ಕಾರು ಅದು. ಅದರಲ್ಲಿ ಬೇರೆ ಮಾಡೆಲ್‌ನ, ದೊಡ್ಡ ಗಾಡಿಯ ರಬ್ಬರ್ ಮ್ಯಾಟ್ ಹಾಕಿದ್ದರು. ಅದೇ ಕಾರನ್ನು ಕೆಲವೇ ದಿನ ಮುಂಚೆ ಒಯ್ದಿದ್ದ ಇನ್ನೊಬ್ಬ ಗ್ರಾಹಕನಿಗೂ ಪೆಡಲ್ ಸಿಕ್ಕಿಕೊಂಡಿತ್ತು. ಆತ ವಾಪಸ್ ಕೊಡುವಾಗ ಡೀಲರ್ ಕಡೆಯವರಿಗೆ ಹೇಳಿಯೂ ಇದ್ದ. ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಆಮೇಲೆ ಟೊಯೋಟಾ ಮ್ಯಾಟ್ ವಿಷಯಕ್ಕೇ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಿತು. 2010ರಲ್ಲಿ, ಒತ್ತಿದ ಮೇಲೆ ಸರಿಯಾಗಿ ವಾಪಸ್ ಬಾರದೆ ಅಂಟಿಕೊಳ್ಳುವ ಪೆಡಲ್‌ಗಾಗಿ ಇನ್ನೊಂದು ಸುತ್ತು. ಸಾಫ್ಟ್‌ವೇರ್ ದೋಷವಿದೆಯಾ ಅಂತ ಅಲ್ಲಿನ ಸರ್ಕಾರ ನಾಸಾ ಎಂಜಿನಿಯರುಗಳಿಂದ ತನಿಖೆ ಮಾಡಿಸಿತು. 2011ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ ಅಂಥ ಎಲೆಕ್ಟ್ರಾನಿಕ್ ದೋಷ ಕಂಡಿಲ್ಲ ಅಂತ ಇತ್ತು. ಕಾರಣ ಅಂತ ಉಳಿದಿದ್ದು ಮ್ಯಾಟು ಮತ್ತು ಅಂಟುವ ಪೆಡಲ್ಲು. 2013ರಲ್ಲಿ ಓಕ್ಲಹೋಮಾದ ಒಂದು ಕೇಸಿನಲ್ಲಿ ಮಾತ್ರ ಸಾಫ್ಟ್‌ವೇರ್ ವಾದವನ್ನು ಕೇಳಿದ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಈ ದೋಷಗಳ ಬಗ್ಗೆ ಜನರ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಟೊಯೋಟಾ 120 ಕೋಟಿ ಡಾಲರ್ ದಂಡ ಕಟ್ಟಿತು. ಸಾಫ್ಟ್‌ವೇರ್ ಬಗ್ಗೆ ವಾದ ಮಾಡುವವರು ಮಾಡಲಿ. ನನ್ನ ಪ್ರಕಾರ ನಾವು ಮೊದಲು ನೋಡಬೇಕಾದ್ದು ಕಾಲ ಕೆಳಗೆ, ಯಾಕೆಂದರೆ ಅಲ್ಲಿರುವುದನ್ನು ನಾವೇ ಸರಿ ಮಾಡಬಹುದು.

ಈಗ, ಓಡುತ್ತಿರುವಾಗಲೇ ಹೀಗಾದರೆ ಏನು ಮಾಡಬೇಕು? ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿ. ಪಕ್ಕದ ಸೀಟಿನಲ್ಲಿ ಕೂರುವವರಿಗೂ ಹೇಳಿ. ನಮ್ಮನ್ನು ಉಳಿಸಿದ್ದು ಪಕ್ಕದ ಸೀಟು.

ಬ್ರೇಕನ್ನು ಒಂದೇ ಸಲ, ಇರುವ ಬಲವನ್ನೆಲ್ಲ ಹಾಕಿ ಒತ್ತಿ. ಬಿಡಬೇಡಿ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಹಗುರವಾಗಿರುವುದು ಎಂಜಿನ್ ಕೊಡುವ ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಹೀರುವಾಗ ಹುಟ್ಟುವ ಸೆಳೆತದಿಂದ. ಆಕ್ಸಿಲರೇಟರ್ ಪೂರ್ತಿ ತೆರೆದಿದ್ದಾಗ ಆ ವ್ಯಾಕ್ಯೂಮ್ ಹೊಸದಾಗಿ ಹುಟ್ಟುವುದು ಕಡಿಮೆ. ಬ್ರೇಕಿಗೆ ಬಲ ಸೇರಿಸುವ ಬೂಸ್ಟರಿನಲ್ಲಿ ಉಳಿದಿದ್ದು ಒಂದೆರಡು ಸಲಕ್ಕೆ ಖರ್ಚಾಗಿಬಿಡುತ್ತದೆ. ಬಿಟ್ಟು ಬಿಟ್ಟು ಒತ್ತಿದರೆ ಪೆಡಲ್ ಗಟ್ಟಿಯಾಗುವುದು ಅದಕ್ಕೇ. ಬ್ರೇಕ್ ಫೇಲ್ ಆಯಿತು ಅಂತ ಕೈ ಚೆಲ್ಲಬೇಡಿ, ಬ್ರೇಕ್ ಇರುತ್ತದೆ. ಕಾಲಿಗೆ ಹೆಚ್ಚು ಬಲ ಬೇಕು ಅಷ್ಟೇ.

ಅದರ ಜೊತೆಗೇ ನ್ಯೂಟ್ರಲ್. ಆಟೋಮ್ಯಾಟಿಕ್ ಆದರೆ ಎನ್. ಮ್ಯಾನುಯಲ್ ಆದರೆ ಕ್ಲಚ್ ಒತ್ತಿದರೆ ಸಾಕು, ಎಳೆತ ನಿಲ್ಲುತ್ತದೆ. ಎಂಜಿನ್ ಭಯಂಕರ ಸದ್ದು ಮಾಡುತ್ತದೆ, ಮಾಡಲಿ. ಒಂದು ಮಟ್ಟ ಮೀರದ ಹಾಗೆ ಕಂಪ್ಯೂಟರೇ ತಡೆಯುತ್ತದೆ. ಒಂದು ವೇಳೆ ಎಂಜಿನ್ ಹಾಳಾದರೂ ಅದನ್ನು ದುಡ್ಡು ಕೊಟ್ಟು ಸರಿ ಮಾಡಿಸಬಹುದು. ಲಿವರನ್ನು ಗಾಬರಿಯಲ್ಲಿ ಪಿ (ಪಾರ್ಕ್) ಅಥವಾ ಆರ್‌ಗೆ (ರಿವರ್ಸ್) ಎಳೆಯಬೇಡಿ. ನಿಮ್ಮ ಗಾಡಿಯಲ್ಲಿ ಡಿಯಿಂದ ಎನ್‌ಗೆ ಹೇಗೆ ಹೋಗುತ್ತದೆ, ಲಿವರಿನ ಗುಂಡಿ ಒತ್ತಬೇಕಾ ಬೇಡವಾ ಅಂತ ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸುತ್ತಾ ನೋಡಿಟ್ಟುಕೊಳ್ಳಿ.

ನ್ಯೂಟ್ರಲ್ಲಿಗೂ ಹೋಗದಿದ್ದರೆ ಮಾತ್ರ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಿ. ಕೀ ಇರುವ ಗಾಡಿಯಾದರೆ ಒಂದೇ ಹಂತ ಹಿಂದಕ್ಕೆ ತಿರುಗಿಸಿ. ಪೂರ್ತಿ ತಿರುಗಿಸಿ ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು, ಅದು ಇನ್ನೂ ಅಪಾಯ. ಪುಶ್ ಬಟನ್ ಇದ್ದರೆ ಓಡುವಾಗ ಒಮ್ಮೆ ಮುಟ್ಟಿದರೆ ಸಾಮಾನ್ಯವಾಗಿ ಆಫ್ ಆಗಲ್ಲ. ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಸ್ಯಾನ್ ಡಿಯಾಗೊ ಕಾರಿನಲ್ಲಿ ಅದು ಮೂರು ಸೆಕೆಂಡ್. ಗೊತ್ತಿಲ್ಲದವರಿಗೆ ಅದು ಆ ಹೊತ್ತಿನಲ್ಲಿ ಹೊಳೆಯುವುದಾದರೂ ಹೇಗೆ? ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಮ್ಯಾನುಯಲ್ ಇರುತ್ತದಲ್ಲ, ಅದರಲ್ಲಿ ಈ ಒಂದು ಪುಟವನ್ನಾದರೂ ಹುಡುಕಿ ಓದಿ. ಎಂಜಿನ್ ಆಫ್ ಆದ ಮೇಲೆ ಸ್ಟೇರಿಂಗ್, ಬ್ರೇಕ್ ಎರಡೂ ಭಾರವಾಗುತ್ತವೆ ಅನ್ನುವುದೂ ನೆನಪಿರಲಿ.

ಮುಖ್ಯವಾಗಿ, ಓಡುತ್ತಿರುವಾಗ ಬಗ್ಗಿ ಮ್ಯಾಟ್ ಎಳೆಯಲು ಹೋಗಬೇಡಿ.

ಕ್ರೂಸ್ ಕಂಟ್ರೋಲ್ ಇರುವವರಿಗೆ ಇನ್ನೊಂದು ಮಾತು. ಬ್ರೇಕ್ ಒತ್ತಿದಾಗ ಕ್ರೂಸ್ ಕಟ್ ಆದರೂ, ನೀವು ಇಟ್ಟ ವೇಗ ಅದರ ನೆನಪಲ್ಲಿ ಉಳಿದಿರುತ್ತದೆ. ನೂರಕ್ಕೆ ಇಟ್ಟು, ಯಾವುದೋ ಊರು ಬಂತು ಅಂತ ಐವತ್ತಕ್ಕೆ ಇಳಿಸಿರುತ್ತೀರಿ. ಸ್ಟೇರಿಂಗ್ ತಿರುಗಿಸುವಾಗ ಹೆಬ್ಬೆರಳು ರೆಸ್ಯೂಮ್ ಬಟನ್ನಿಗೆ ತಾಗಿದರೆ ಗಾಡಿ ಮತ್ತೆ ನೂರರ ಕಡೆ ಹೊರಡುತ್ತದೆ. ದೋಷ ಅಂತ ಬರುವ ದೂರುಗಳಲ್ಲಿ ಕೆಲವಾದರೂ ಇದೇ ಇರಬೇಕು. ಊರೊಳಗೆ ಬರುವ ಮೊದಲು ಕ್ರೂಸ್‌ನ ಮೇನ್ ಬಟನ್ನನ್ನೇ ಆಫ್ ಮಾಡಿ.

 

ಮತ್ತೆ ಶೋರೂಮಿನ ಕಥೆಗೆ. ಜಾಬ್ ಕಾರ್ಡಿನಲ್ಲಿ (ಗಾಡಿಯ ದೂರು, ಮಾಡುವ ಕೆಲಸ ಬರೆಯುವ ಕಾಗದ) ಅವರು ಬರೆದಿದ್ದು "ಪಿಕಪ್ ಚೆಕ್" ಅಂತ. ನಾನು ಸಹಿ ಹಾಕಲಿಲ್ಲ. "ಶೋರೂಮ್ ಹಾಕಿದ ಮ್ಯಾಟ್ ಸಿಕ್ಕಿಕೊಂಡು ಆಕ್ಸಿಲರೇಟರ್ ಪೆಡಲ್ ವಾಪಸ್ ಬರಲಿಲ್ಲ" ಅಂತ ಬರೆಸಿದ ಮೇಲೇ ಸಹಿ. ಅವರು ಹಿಂದೆಮುಂದೆ ನೋಡಿದಾಗ ಫೋಟೊ ತೋರಿಸಿದೆ. ನೀವೂ ಇಲ್ಲಿ ಬಿಗಿಯಾಗಿರಿ. ನಾಳೆ ಬೇಕಾಗುವುದು ಆ ಕಾಗದವೇ. ಮ್ಯಾನೇಜರ್ ಬಂದು ಮ್ಯಾಟ್ ವಾಪಸ್ ತೆಗೆದುಕೊಳ್ಳುತ್ತೇವೆ, ಒಂದು ಫ್ರೀ ವಾಶ್ ಕೂಪನ್ ಕೊಡುತ್ತೇವೆ ಅಂದರು. ಕಾರಿನಲ್ಲಿದ್ದ ನಾಲ್ಕು ಜೀವಕ್ಕೆ ಒಂದು ಕಾರ್ ವಾಶ್! ಮ್ಯಾಟ್ ನಾನು ಕೊಡಲಿಲ್ಲ, ಸಾಕ್ಷಿಗೆ ಇರಲಿ ಅಂತ ಮನೆಯಲ್ಲೇ ಇಟ್ಟಿದ್ದೇನೆ. ಹೊರಗೆ ಬರುವಾಗ ನೋಡಿದರೆ ಡೆಲಿವರಿಗೆ ನಿಲ್ಲಿಸಿದ್ದ ಬೇರೆ ಕಾರುಗಳಲ್ಲೂ ಅದೇ ಮ್ಯಾಟ್, ಹಾಗೇ ಕಂಪನಿ ಮ್ಯಾಟಿನ ಮೇಲೆ. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕೆ.

ದೂರು ಕೊಡುವವರಿಗೆ: ಶೋರೂಮಿಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಇಮೇಲ್ ಮಾಡಿ, ಬರೀ ಫೋನಿನಲ್ಲಿ ಮುಗಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗಾಡಿಯಲ್ಲೇ ತಯಾರಿಕೆಯ ದೋಷ ಇದೆ ಅನಿಸಿದರೆ ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್‌ನಲ್ಲಿ ವಾಹನ ರೀಕಾಲ್ (ದೋಷವಿರುವ ಗಾಡಿ ವಾಪಸ್ ಕರೆಸುವ) ವಿಭಾಗ ಇದೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುವ ರೀಕಾಲ್ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಒಂದೇ ಮಾಡೆಲ್ ಬಗ್ಗೆ ಸಾಕಷ್ಟು ದೂರು ಸೇರಿದರೆ ಗಾಡಿಗಳನ್ನು ವಾಪಸ್ ಕರೆಸುವಂತೆ ಸರ್ಕಾರ ಆದೇಶಿಸಬಹುದು. ಹಾಗಾಗಿ ನಮ್ಮೊಬ್ಬರ ದೂರಿನಿಂದ ಏನಾಗುತ್ತೆ ಅಂತ ಬಿಡಬೇಡಿ, ಅಲ್ಲಿ ಎಣಿಕೆಗೇ ಬೆಲೆ.

ನಾನು ಇಮೇಲ್ ಕಳಿಸಿದ್ದೇನೆ, ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸಿದ್ದೇನೆ. ಉತ್ತರ ಬಂದ ಮೇಲೆ ತಿಳಿಸುತ್ತೇನೆ. ನಿಮಗೂ ಹೀಗಾಗಿದ್ದರೆ ಗಾಡಿಯ ಮಾಡೆಲ್, ಇಸವಿ, ಮ್ಯಾಟ್ ಶೋರೂಮಿನದ್ದೋ ಹೊರಗಿನ ಅಂಗಡಿಯದ್ದೋ ಅನ್ನುವುದನ್ನು ಬರೆಯಿರಿ. ನಾಳೆಯೋ ನಾಡಿದ್ದೋ ಡೆಲಿವರಿ ಇದ್ದವರು ಫೋಟೊಗೆ ನಿಲ್ಲುವ ಮೊದಲು ಬಾಗಿಲು ತೆಗೆದು, ಎಂಜಿನ್ ಆಫ್ ಇರುವಾಗ ಆಕ್ಸಿಲರೇಟರನ್ನು ಕೈಯಿಂದ ಪೂರ್ತಿ ಒತ್ತಿ ಬಿಟ್ಟು ನೋಡಿ.